ಮೂವತ್ತೆಂಟನೇ ದೊರೆಸಾನಿ

ಹೊರದೇಶದ ಸೇನಾ ಅಂಚೆ
12 ಮಾರ್ಚ್ 1944

ಅಕ್ಕನಿಗೆ ಮುನಿರಾಜನ ನಮಸ್ಕಾರ.

ಎಲ್ಲಿದ್ದೇನೆ ಎಂದು ಬರೆಯುವಂತಿಲ್ಲ. ಮರಳಿದೆ, ಖರ್ಜೂರದ ಮರವಿದೆ, ನೊಣವಿದೆ. ಇಷ್ಟಕ್ಕೆ ಸೆನ್ಸಾರಿನವರು ಕತ್ತರಿ ಹಾಕಲಾರರು. ಮಿಲಿಟರಿ ಆಸ್ಪತ್ರೆಯ ಲ್ಯಾಬೊರೇಟರಿಯಲ್ಲಿ ಕೆಲಸ ಕೊಟ್ಟಿದ್ದಾರೆ. ಹಲಸೂರಿನ ಸ್ಕೂಲಿನಲ್ಲಿ ಅಟೆಂಡರಾಗಿ ಒಂಬತ್ತು ವರ್ಷ ಏನು ಮಾಡಿದೆನೋ ಇಲ್ಲೂ ಅದೇ, ಶೀಶೆ ತೊಳೆಯುವುದು.

ಈಗ ಮುಖ್ಯ ವಿಷಯ. ಕಬ್ಬಿಣದ ಟ್ರಂಕಿನಲ್ಲಿ, ಅಪ್ಪನ ಹಳೇ ಕೋಟಿನ ಕೆಳಗೆ, ನನ್ನ ಕೆಂಪು ರಟ್ಟಿನ ಆಲ್ಬಂ ಇದೆ. ನೀನು ಅದನ್ನು ಗಡ್ಡದಪ್ಪಗಳ ಪುಸ್ತಕ ಎನ್ನುತ್ತೀಯ. ಅದು ಏನೆಂದು ನೂರು ಸಲ ಹೇಳಿದ್ದೇನೆ, ನೂರೊಂದನೇ ಸಲ ಹೇಳುತ್ತೇನೆ, ತಾಳ್ಮೆಯಿಂದ ಓದು. ಯುದ್ಧಕ್ಕೆ ಮುಂಚೆ ವಿಲಾಯಿತಿ ಸಿಗರೇಟಿನ ಪ್ಯಾಕೆಟ್ಟಿನೊಳಗೆ ಒಂದೊಂದು ಬಣ್ಣದ ಕಾರ್ಡು ಇರುತ್ತಿತ್ತು. ಅದರ ಮೇಲೆ ಲೋಕಪ್ರಸಿದ್ಧ ವಿಜ್ಞಾನಿಯೊಬ್ಬರ ಚಿತ್ರ, ಹಿಂಬದಿಯಲ್ಲಿ ಅವರ ಕಥೆ ಮತ್ತು ಒಂದು ನಂಬರು. ಒಟ್ಟು ಐವತ್ತು. ಅಪ್ಪ ದಂಡಿನ ಆಫೀಸರುಗಳ ಮೆಸ್ಸಿನಲ್ಲಿ ಕಸ ಗುಡಿಸುವಾಗ, ಸಾಹೇಬರು ಬಿಸಾಡಿದ್ದನ್ನು ಆರಿಸಿ, ಒರೆಸಿ, ಪೇಟದೊಳಗೆ ಇಟ್ಟುಕೊಂಡು ನನಗೆ ತಂದುಕೊಡುತ್ತಿದ್ದ. ಅಪ್ಪ ತಂದದ್ದು, ಆಮೇಲೆ ನಾನು ಹುಡುಕಿದ್ದು, ಎಲ್ಲ ಸೇರಿ ನಲವತ್ತೊಂಬತ್ತು ಆಗಿವೆ. ಮೂವತ್ತೆಂಟನೇ ನಂಬರು ಇಲ್ಲ. ಯುದ್ಧ ಬಂದಮೇಲೆ ಕಾಗದ ಸಾಲದೆ ಕಾರ್ಡು ಹಾಕುವುದನ್ನೇ ನಿಲ್ಲಿಸಿದ್ದಾರೆ. ಹಳೆಯದೇ ಸಿಗಬೇಕು. ಬ್ಲಾಕ್‌ಪಲ್ಲಿಯ ರದ್ದಿ ಅಂಗಡಿ ಮುಕ್ತಾರನನ್ನು ಕೇಳು.

ಹೊಸ ಸೈನ್ಸ್ ರೂಮು ಬರುವ ಜನವರಿಗೆ ಶುರುವಾಗುತ್ತದೆ. ಹೆಡ್‌ಮಾಸ್ತರು ಕೊಟ್ಟ ಮಾತು ನಿನಗೆ ನೆನಪಿರಬೇಕು. “ಐವತ್ತೂ ತಾ, ಒಂದು ಕಲೆ ಇರಕೂಡದು. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿಸ್ತೀನಿ, ಕೆಳಗೆ ನಿನ್ನ ಹೆಸರು ಬರೆಸ್ತೀನಿ” ಎಂದು ಎಲ್ಲ ಮಾಸ್ತರುಗಳ ಎದುರಿಗೆ ಹೇಳಿದರು. ಆ ಸ್ಕೂಲಿನಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, “ಏ ಶೀಶೆ” ಎಂದೇ ಕರೆಯುತ್ತಿದ್ದರು. ಅಲ್ಲಿನ ಗೋಡೆಯ ಮೇಲೆ ಮುನಿರಾಜಪ್ಪ ಎಂದು ಬರೆದಿರಬೇಕು. ಈಗ ನನಗಿರುವ ಆಸೆ ಇದೊಂದೇ.

ಆಲ್ಬಮ್ಮಿಗೆ ಒದ್ದೆ ಕೈ ತಾಗಿಸಬೇಡ. ಗಂಜಿ ಹಾಕಿ ಅಂಟಿಸಬೇಡ. ಜಿರಲೆ ನೋಡಿಕೊ.

ನಿನ್ನ ತಮ್ಮ
ಮುನಿರಾಜಪ್ಪ


ಹಲಸೂರು
16 ಏಪ್ರಿಲ್ 1944

ಮುನಿರಾಜಾ,

ನಿನ್ನ ಕಾಗದ ಬಂತು. ಎಣಿಸಿ ನೋಡಿದೆ ಕಣೋ. ಗಡ್ಡದಪ್ಪಗಳ ವಿಷಯ ಮೂವತ್ತು ಸಾಲು, ಅಕ್ಕ ಬದುಕಿದ್ದಾಳೋ ಸತ್ತಳೋ ಎಂಬ ವಿಷಯ ಸೊನ್ನೆ. ಜಿರಲೆಯನ್ನು ಕೂಡ ವಿಚಾರಿಸಿದ್ದೀಯ. ನನ್ನ ಮೊಣಕಾಲು ಊದಿ ಕುಂಬಳಕಾಯಿ ಆಗಿದೆ, ಅದನ್ನು ಕೇಳುವುದಕ್ಕೆ ನಿನಗೆ ಇಂಕು ಸಾಲದೇ ಹೋಯಿತು.

ನಿಮ್ಮ ಭಾವ ತೀರಿಕೊಂಡ ಮೇಲೆ ಅವರ ಮುದ್ದೆಕೋಲು ನಾನು ಹಿಡಿದಿದ್ದು ನಿನಗೆ ಗೊತ್ತೇ ಇದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಮಿಲಿಟರಿ ಗೋದಾಮು ಕಟ್ಟುವ ಕೂಲಿಯವರು ಈಗ ಇನ್ನೂರಕ್ಕೆ ಏರಿದ್ದಾರೆ. ಇನ್ನೂರು ಜನಕ್ಕೆ ಮುದ್ದೆ, ಸೊಪ್ಪಿನ ಸಾರು. ನನ್ನ ಶೆಡ್ಡಿನ ತಗಡು ತೂತುಬಿದ್ದು, ಮಳೆ ಬಂದರೆ ನೀರು ನೇರ ಕೊಪ್ಪರಿಗೆಗೇ ಇಳಿಯುತ್ತದೆ. ಇದರ ಮಧ್ಯೆ ನಿನ್ನ ಮೂವತ್ತೆಂಟು.

ಭಾನುವಾರ ಕುಂಟಿಕೊಂಡು ಬ್ಲಾಕ್‌ಪಲ್ಲಿಗೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮುಕ್ತಾರ್ ರದ್ದಿ ತೂಗುತ್ತಾ ಕೂತಿದ್ದ.

“ಮೂವತ್ತೆಂಟು ಐತೇನಪ್ಪಾ?” ಅಂದೆ.

“ಯಾವ ಮೂವತ್ತೆಂಟಮ್ಮಾ? ಮನೆ ನಂಬರಾ?”

“ಸಿಗರೇಟು ಕಣಪ್ಪಾ, ಸಿಗರೇಟು!”

ಗಲ್ಲಿಗೆ ಗಲ್ಲಿಯೇ ತಿರುಗಿ ನೋಡಿತು. ಗಂಡ ಸತ್ತ ಹೆಂಗಸು, ನರೆತ ಕೂದಲು, ಸಿಗರೇಟು ಹುಡುಕಿಕೊಂಡು ಬಂದಿದ್ದಾಳೆ. ನನ್ನ ಮಾನ ಹೋಯಿತು ಕಣೋ. ಮುಕ್ತಾರನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಗಂಟಲು ಒಣಗಿತು. ಕೊನೆಗೆ ಒಂದು ಡಬ್ಬದ ತುಂಬ ಇಂಥವೇ ಚೀಟಿ ಸುರಿದ. ಕುದುರೆ, ಹಡಗು, ಬ್ಯಾಟು ಹಿಡಿದ ದೊರೆಗಳು. ಹಿಂದೆ ಮೂವತ್ತೆಂಟು ಅಂತ ಇರುವ ಒಂದು ಸಿಕ್ಕಿತು. ಈ ಕಾಗದದ ಜೊತೆ ಇಟ್ಟಿದ್ದೇನೆ. ಪ್ಯಾಡು ಕಟ್ಟಿಕೊಂಡು ನಿಂತಿದ್ದಾನೆ, ಮೀಸೆ ಚೆನ್ನಾಗಿದೆ. ಇವನೇ ತಾನೇ?

ಜಿರಲೆ ಇಲ್ಲ. ಬೇವಿನ ಸೊಪ್ಪು ಹಾಕಿದ್ದೇನೆ.

ನಿನ್ನ ಅಕ್ಕ
ಮುನಿಲಕ್ಷ್ಮಮ್ಮ


ಹೊರದೇಶದ ಸೇನಾ ಅಂಚೆ
20 ಮೇ 1944

ಅಕ್ಕಾ,

ಅಲ್ಲ. ಅಲ್ಲ. ಅವನು ಕ್ರಿಕೆಟ್ ಆಡುವವನು. ವಿಜ್ಞಾನಿ ಅಲ್ಲ. ಬೇರೆ ಬೇರೆ ಸಾಲಿನ ಕಾರ್ಡುಗಳು ಬೇರೆ ಬೇರೆ ಇರುತ್ತವೆ, ಎಲ್ಲ ಸಾಲಿನಲ್ಲೂ ಒಂದು ಮೂವತ್ತೆಂಟು ಇದ್ದೇ ಇರುತ್ತದೆ. ಇದನ್ನು ಬರೆಯಲಿಲ್ಲ, ನನ್ನದೇ ತಪ್ಪು. ನಿನಗೆ ಇದು ತಿಳಿದಿದೆ ಎಂದುಕೊಂಡಿದ್ದೆ, ಅದು ಇನ್ನೂ ದೊಡ್ಡ ತಪ್ಪು.

ಸರಿಯಾಗಿ ಕೇಳು. ನಮ್ಮ ಮೂವತ್ತೆಂಟು ಒಬ್ಬ ಹೆಂಗಸು. ಐವತ್ತರಲ್ಲಿ ಹೆಂಗಸು ಅವಳೊಬ್ಬಳೇ. ಹೆಸರು ಮೇರಿ ಕ್ಯೂರಿ. ಕಪ್ಪು ಉಡುಪು, ಎತ್ತಿ ಕಟ್ಟಿದ ಕೂದಲು, ಕೈಯಲ್ಲೊಂದು ಗಾಜಿನ ಶೀಶೆ. ಇಲ್ಲಿನ ಡಾಕ್ಟರ್ ಕ್ಯಾಪ್ಟನ್ ಅವಳ ಕಥೆ ಹೇಳಿದರು. ಒಂದು ಸೋರುವ ಶೆಡ್ಡಿನಲ್ಲಿ ವರ್ಷಗಟ್ಟಲೆ, ದೊಡ್ಡ ಕೊಪ್ಪರಿಗೆಯಲ್ಲಿ ಮಣ್ಣಿನಂಥ ಅದಿರು ಕುದಿಸಿ, ತನ್ನಷ್ಟೇ ಉದ್ದದ ಕಬ್ಬಿಣದ ಸಲಾಕೆಯಿಂದ ದಿನವಿಡೀ ಕದಡುತ್ತಿದ್ದಳಂತೆ. ಗಾಡಿಗಟ್ಟಲೆ ಮಣ್ಣಿನಿಂದ ಕೊನೆಗೆ ತೆಗೆದದ್ದು ಚಿಟಿಕೆಯಷ್ಟು ರೇಡಿಯಂ.

ಕಪ್ಪು ಉಡುಪಿನ ಹೆಂಗಸು. ಬ್ಯಾಟು ಇಲ್ಲ, ಮೀಸೆ ಇಲ್ಲ. ಇಷ್ಟು ಸಾಕಲ್ಲವೇ?

ಬೇವಿನ ಸೊಪ್ಪು ಹಸಿಯದೋ ಒಣಗಿದ್ದೋ? ಹಸಿಯದಾದರೆ ಈಗಿಂದೀಗಲೇ ತೆಗೆ. ಕಲೆಯಾಗುತ್ತದೆ.

ಮುನಿರಾಜಪ್ಪ


ಹಲಸೂರು
16 ಜುಲೈ 1944

ಮುನಿರಾಜಾ,

ಸೊಪ್ಪು ಒಣಗಿದ್ದೇ. ನಾನು ನಾಲ್ಕನೇ ಕ್ಲಾಸು ಪಾಸು ಮಾಡಿದವಳು, ತೀರಾ ದಡ್ಡಿ ಅಲ್ಲ.

ನಿನ್ನ ಕಾಗದ ಓದಿ ಆಲ್ಬಂ ತೆಗೆದೆ. ತೆಗೆದರೆ ಮೊದಲನೇ ಹಾಳೆಯಲ್ಲೇ ಹೆಂಗಸು! ಭುಜದ ತನಕ ಗುಂಗುರು ಕೂದಲು ಬಿಟ್ಟುಕೊಂಡು ಕೂತಿದ್ದಾಳೆ. ಮನೆಯಲ್ಲೇ ಇಟ್ಟುಕೊಂಡು ನನ್ನನ್ನು ಬ್ಲಾಕ್‌ಪಲ್ಲಿ ಸುತ್ತಿಸಿದೆಯಲ್ಲೋ ಎಂದು ನಿನಗೆ ಬಾಯಿಗೆ ಬಂದ ಹಾಗೆ ಬಯ್ದೆ. ಪಕ್ಕದ ಮನೆ ಪಿಳ್ಳಮ್ಮನ ಅಳಿಯ ಇಂಗ್ಲಿಷ್ ಬಲ್ಲವನು, ಬಂದು ನೋಡಿ, “ಅತ್ತೆಮ್ಮಾ, ಇದು ನ್ಯೂಟನ್. ಗಂಡಸು” ಎಂದ. ಗಂಡಸಾದರೆ ಕ್ಷೌರ ಮಾಡಿಸಿಕೊಳ್ಳಬಾರದೇ ಮಹಾನುಭಾವ? ಬಯ್ದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ, ಅರ್ಧ.

ಮತ್ತೆ ಮುಕ್ತಾರನ ಅಂಗಡಿಗೆ ಹೋದೆ. “ಹೆಂಗಸಿನ ಚಿತ್ರನಾ?” ಎಂದು ಅವನು ತಲೆ ಕೆರೆದುಕೊಂಡ. “ಅಮ್ಮ ತನ್ನ ಕನ್ನಡಿಗೆ ಒಂದು ಸಿಕ್ಕಿಸಿದ್ದಾಳೆ ನೋಡಿ” ಎಂದು ಒಳಗೆ ಕಳುಹಿಸಿದ. ಅವನ ತಾಯಿ ಆಬಿದಾ ಹೊಲಿಗೆ ಹಾಕುತ್ತಾ ಕೂತಿದ್ದಳು. ಗೋಡೆಯ ಕನ್ನಡಿಯ ಮೂಲೆಯಲ್ಲಿ ನಿನ್ನ ದೊರೆಸಾನಿ! ಕಪ್ಪು ಉಡುಪು, ಕೈಯಲ್ಲಿ ಶೀಶೆ. ಕೈ ಚಾಚಿಯೇಬಿಟ್ಟೆ ಕಣೋ.

“ಕೊಡಲ್ಲ” ಅಂದಳು ಆಬಿದಾ. “ಹನ್ನೆರಡು ವರ್ಷ ಆಯ್ತು. ಆ ಡಬ್ಬದಲ್ಲೆಲ್ಲ ಗಂಡಸ್ರೇ, ಇವಳೊಬ್ಬಳೇ ಹೆಂಗಸು. ನಮ್ಮ ಖಾಲಾ, ಅಮ್ಮನ ತಂಗಿ, ಅವಳ ತರ ಇದಾಳೆ. ಇವಳು ಹೋದ್ರೆ ಬೆಳಿಗ್ಗೆ ಎದ್ದು ಯಾರ ಮುಖ ನೋಡ್ಲಿ ನಾನು?”

“ಇವಳು ಯಾರು ಗೊತ್ತೇನವ್ವಾ?” ಅಂದೆ. ನೀನು ಬರೆದದ್ದನ್ನು ಹೇಳಿದೆ. ಶೆಡ್ಡು, ಕೊಪ್ಪರಿಗೆ, ಸಲಾಕೆ. ಹೇಳುತ್ತಾ ಹೇಳುತ್ತಾ ನನಗೇ ಹೇಗೋ ಆಯಿತು. ಸೋರುವ ಶೆಡ್ಡಿನಲ್ಲಿ ಕೊಪ್ಪರಿಗೆ ತಿರುವುವುದೆಂದರೆ ರಟ್ಟೆ ಎಲ್ಲಿ ನೋಯುತ್ತದೆ ಎಂದು ನಿನ್ನ ಕ್ಯಾಪ್ಟನ್ನಿಗೆ ಏನು ಗೊತ್ತು, ನನಗೆ ಗೊತ್ತು. ಆಬಿದಾ ಸೂಜಿ ಕೆಳಗಿಟ್ಟು ಕೇಳಿದಳು. ಆಮೇಲೆ ಎದ್ದು ಕಾರ್ಡು ತೆಗೆದು, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. “ಟ್ರಂಕಲ್ಲಿ ಮುಚ್ಚಿಡಬೇಡ. ನಾಲ್ಕು ಜನ ನೋಡೋ ಕಡೆ ಇಡು” ಅಂದಳು. ಆಗಲಿ ಎಂದು ಮಾತು ಕೊಟ್ಟು ಬಂದೆ.

ಐವತ್ತೂ ಆಯಿತು. ಸಮಾಧಾನವೇ ಈಗ? ಇನ್ನಾದರೂ ನಿದ್ದೆ ಮಾಡು.

ಒಂದು ಮಾತು ಕೇಳಬೇಕು. ಆ ದೊರೆಸಾನಿಗೆ ಗಂಡ ಇದ್ದಾನೋ?

ಅಕ್ಕ


ಹೊರದೇಶದ ಸೇನಾ ಅಂಚೆ
20 ಆಗಸ್ಟ್ 1944

ಅಕ್ಕಾ, ಅಕ್ಕಾ!

ಸಿಕ್ಕಿತು ಎಂದು ಓದಿ ಕೈಯಲ್ಲಿದ್ದ ಶೀಶೆ ಕೆಳಗೆ ಬಿಟ್ಟೆ. ಚೂರಾಯಿತು, ಬೈಸಿಕೊಂಡೆ, ಚಿಂತೆಯಿಲ್ಲ. ನಿನ್ನಂಥ ಅಕ್ಕ ಯಾರಿಗೂ ಇಲ್ಲ.

ಈಗ ಮುಟ್ಟಬೇಡ. ಒಂದನ್ನೂ ಮುಟ್ಟಬೇಡ. ಜನವರಿ ಮೊದಲ ವಾರ ಆಲ್ಬಂ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಹೆಡ್‌ಮಾಸ್ತರಿಗೆ ಕೊಡು.

ಗಂಡನ ವಿಷಯ ಯಾಕೆ ಕೇಳಿದೆ? ಸಂಬಂಧ ಹುಡುಕುತ್ತಿದ್ದೀಯಾ? ಅವನೂ ವಿಜ್ಞಾನಿಯೇ, ಕುದುರೆ ಬಂಡಿಯ ಚಕ್ರಕ್ಕೆ ಸಿಕ್ಕಿ ತೀರಿಕೊಂಡ. ಅವಳು ಕೆಲಸ ಬಿಡಲಿಲ್ಲ. ಗಂಡ ಪಾಠ ಹೇಳುತ್ತಿದ್ದ ಜಾಗದಲ್ಲಿ ನಿಂತು ತಾನೇ ಪಾಠ ಹೇಳಿದಳು. ಅವಳೂ ತೀರಿಕೊಂಡು ಹತ್ತು ವರ್ಷವಾಯಿತು.

ಮುನಿರಾಜಪ್ಪ


ಹಲಸೂರು
28 ಸೆಪ್ಟೆಂಬರ್ 1944

ಮುನಿರಾಜಾ,

ನಿನ್ನ ಕಾಗದ ಆಯುಧಪೂಜೆಯ ದಿನ ಬೆಳಿಗ್ಗೆಯೇ ಬಂತು. ಒಳ್ಳೆಯ ಹೊತ್ತಿಗೆ ಬಂತು ಎಂದುಕೊಂಡೆ.

ಮುದ್ದೆಕೋಲು, ಈಳಿಗೆಮಣೆ, ಕೊಪ್ಪರಿಗೆ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದೆ. ವಿದ್ಯೆಯವರನ್ನು ಬಿಟ್ಟು ಕೊಪ್ಪರಿಗೆಗೆ ಮಾತ್ರ ಪೂಜೆ ಮಾಡಿದರೆ ಸರಸ್ವತಿ ಮೆಚ್ಚುತ್ತಾಳೇನೋ? ನಿನ್ನ ಐವತ್ತು ಜನರನ್ನೂ ಆಲ್ಬಮ್ಮಿನಿಂದ ಬಿಡಿಸಿ, ಹಲಗೆಯ ಮೇಲೆ ಬಿಳಿ ಪಂಚೆ ಹಾಸಿ, ನಂಬರು ಪ್ರಕಾರ ಕೂರಿಸಿದೆ. ಕೈ ಒಣಗಿತ್ತು, ಭಯಬೀಳಬೇಡ. ಒಬ್ಬೊಬ್ಬರ ಹಣೆಗೂ ಕುಂಕುಮ ಇಟ್ಟೆ. ಬೋಳುತಲೆಯವರಿಗೆ ಜಾಗ ಧಾರಾಳ. ನ್ಯೂಟನ್ನನಿಗೆ ಕೂದಲು ಸರಿಸಿ ಇಡಬೇಕಾಯಿತು ಅನ್ನು.

ದೊರೆಸಾನಿಯ ಹತ್ತಿರ ಬಂದಾಗ ಪಿಳ್ಳಮ್ಮ ಕೈ ಹಿಡಿದಳು. “ಗಂಡ ಸತ್ತೋಳು ಅಂದ್ಯಲ್ಲೇ. ಕುಂಕುಮ ಇಡ್ತಾರೇನೇ?” ಎಂದಳು. ಅವಳ ಬಾಯಲ್ಲಿ ಬಂದ ಮಾತು ನೇರವಾಗಿ ಎದೆಗೆ ನಾಟಿತು ಕಣೋ. ನಿಮ್ಮ ಭಾವ ಹೋಗಿ ಆರು ವರ್ಷ. ಯಾರ ಮನೆಯ ಶುಭಕಾರ್ಯದಲ್ಲೂ ನನ್ನ ಮುಂದೆ ಕುಂಕುಮದ ಬಟ್ಟಲು ನಿಂತಿಲ್ಲ, ಪಕ್ಕದವಳಿಗೆ ಜಾರಿಹೋಗುತ್ತದೆ. ಇನ್ನೂರು ಜನಕ್ಕೆ ಅನ್ನ ಹಾಕುವ ಕೈ ಅದಕ್ಕೆ ಮಾತ್ರ ಆಗಿಬರುವುದಿಲ್ಲವಂತೆ. “ಬಿಡೇ ಕೈನ” ಅಂದೆ. ಎಣ್ಣೆಯಲ್ಲಿ ಕಲಸಿದ ಕುಂಕುಮ ತೆಗೆದು ದೊರೆಸಾನಿಗೆ ಎಲ್ಲರಿಗಿಂತ ದೊಡ್ಡದಾಗಿ ಇಟ್ಟೆ, ಕಾಸಿನಗಲ.

ಬಹಳ ಲಕ್ಷಣವಾಗಿ ಕಾಣುತ್ತಿದ್ದಾಳೆ. ಆಬಿದಾ ಬಂದು ನೋಡಿ ಹೋದಳು. ನೀನೂ ಇದ್ದಿದ್ದರೆ ಕಣ್ಣು ತುಂಬಿಕೊಳ್ಳುತ್ತಿದ್ದೆ.

ಅಕ್ಕ


ಹೊರದೇಶದ ಸೇನಾ ಅಂಚೆ
10 ನವೆಂಬರ್ 1944

ಅಕ್ಕಾ,

ಎಣ್ಣೆಯಲ್ಲಿ ಕಲಸಿದ ಕುಂಕುಮ.

ಐವತ್ತಕ್ಕೂ.

ಒಂದು ಕಲೆ ಇರಕೂಡದು ಎಂದು ಎಷ್ಟು ಸಲ ಬರೆದೆ? ಒದ್ದೆ ಕೈ ಬೇಡ ಎಂದೆ, ಗಂಜಿ ಬೇಡ ಎಂದೆ, ಹಸಿ ಸೊಪ್ಪು ಬೇಡ ಎಂದೆ. ಕುಂಕುಮ ಬೇಡ ಎಂದು ಬರೆಯಬೇಕು ಎಂದು ಯಾವ ಮನುಷ್ಯನಿಗೆ ಹೊಳೆಯುತ್ತದೆ? ಅವರು ದೇವರಲ್ಲ ಅಕ್ಕ, ವಿಜ್ಞಾನಿಗಳು. ಅವರ ಹಣೆಗೆ ಕುಂಕುಮ ಇಟ್ಟವರು ಲೋಕದಲ್ಲಿ ನೀನೊಬ್ಬಳೇ ಇರಬೇಕು. ಅಪ್ಪ ಗುಡಿಸಿ ತಂದು, ನಾನು ಹದಿನೆಂಟು ವರ್ಷ ಉಸಿರು ಬಿಗಿಹಿಡಿದು ಕಾಪಾಡಿದ್ದನ್ನು ಒಂದು ಬೆಳಿಗ್ಗೆಯಲ್ಲಿ ಹಾಳು ಮಾಡಿಬಿಟ್ಟೆ. ಹೆಡ್‌ಮಾಸ್ತರು ಇನ್ನು ಮುಟ್ಟುವುದೂ ಇಲ್ಲ. ನಾನು ಶೀಶೆಯಾಗಿಯೇ ಇರುತ್ತೇನೆ ಬಿಡು.

ಇನ್ನು ನನಗೆ ಕಾಗದ ಬರೆಯಬೇಡ.

ಮುನಿರಾಜಪ್ಪ


ಹಲಸೂರು
14 ಜನವರಿ 1945

ಮುನಿರಾಜಾ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ನಿನ್ನ ಮಾತು ಕೇಳುವ ಅಭ್ಯಾಸ ನನಗೆ ಯಾವತ್ತಿತ್ತು?

ಕುಂಕುಮ ಕಲೆ ಎಂದು ನನಗೆ ಹೊಳೆಯಲೇ ಇಲ್ಲ. ನಿನ್ನ ಮೇಲಾಣೆ ಹೊಳೆಯಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಮಾಡಿದೆ. ಬ್ರೆಡ್ಡಿನ ತಿರುಳಿನಿಂದ ಉಜ್ಜಿದರೆ ಹೋಗುತ್ತದೆ ಎಂದು ಆಬಿದಾ ಹೇಳಿದಳು. ಕಾಕ್ಸ್‌ಟೌನಿನ ಬೇಕರಿಯಿಂದ ತಂದು ಎರಡನೇ ನಂಬರಿನವರಿಗೆ ಉಜ್ಜಿದೆ. ಹಣೆಯಲ್ಲಿದ್ದದ್ದು ಗಡ್ಡಕ್ಕೆ ಇಳಿಯಿತು. ಅಲ್ಲಿಗೇ ಬಿಟ್ಟೆ.

ಸೈನ್ಸ್ ರೂಮು ಶುರುವಾಗುವುದು ಮುಂದಕ್ಕೆ ಹೋಗಿದೆಯಂತೆ. ನೀನು ಅವಸರಪಡಬೇಡ.

ಮೊಣಕಾಲು ವಾಸಿ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಅಕ್ಕ


ಹಲಸೂರು
22 ಏಪ್ರಿಲ್ 1945

ಮುನಿರಾಜಾ,

ಐದು ತಿಂಗಳು. ಒಂದು ಸಾಲಿಲ್ಲ. ಕೋಪ ಮಾಡಿಕೊಂಡೇ ಬರೆಯದೆ ಇದ್ದೀಯ ಎಂದು ತಿಳಿದರೆ ನಾನು ನೆಮ್ಮದಿಯಾಗಿ ಇರುತ್ತೇನೆ. ತಂತಿಯವನ ಸೈಕಲ್ಲು ನಮ್ಮ ಬೀದಿಗೆ ತಿರುಗಿದರೆ ಕೈಯಲ್ಲಿರುವ ಕೋಲು ನಿಂತುಬಿಡುತ್ತದೆ. ಹೋದ ವಾರ ತಳ ಹಿಡಿಯಿತು. ಕೂಲಿಯವರು ಸೀದ ಮುದ್ದೆ ತಿಂದು ನಿನ್ನನ್ನು ಶಪಿಸಿದ್ದಾರೆ. ಬದುಕಿದ್ದೀಯ ಎಂದು ಒಂದು ಗೀಟು ಎಳೆದು ಹಾಕೋ, ಪಾಪಿ.

ಸೈನ್ಸ್ ರೂಮು ಮುಂದಕ್ಕೆ ಹೋಗಿದೆ ಎಂದು ಬರೆದದ್ದು ಸುಳ್ಳು. ನಾನು ಜನವರಿ ಎಂಟನೇ ತಾರೀಕೇ ಹೋಗಿದ್ದೆ.

ಆಲ್ಬಂ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಹೆಡ್‌ಮಾಸ್ತರ ಮುಂದೆ ಬಿಚ್ಚಿದೆ. ಅವರು ಕನ್ನಡಕ ಏರಿಸಿ ನೋಡಿದರು, ನಕ್ಕರು. “ಏನಮ್ಮಾ ಇದು, ಗಲಿಲಿಯೋಗೆ ಕುಂಕುಮ? ಕಲೆ ಇರಬಾರದು ಅಂದಿದ್ದೆನಲ್ಲಾ” ಎಂದರು. ತಪ್ಪು ನನ್ನದು ಎಂದು ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಬೀರುವಿನ ಕಡೆ ಕಣ್ಣು ಹೋಯಿತು. ಒಳಗೆ ಹಿತ್ತಾಳೆಯ ತಕ್ಕಡಿ. ತಕ್ಕಡಿಯ ಕಂಬದ ಮೇಲೆ ಕುಂಕುಮದ ಬೊಟ್ಟು. ಭೂಗೋಳದ ಮೇಲೆ ಒಂದು. ದೂರದರ್ಶಕದ ಕೊಳವೆಯ ಮೇಲೆ ಒಂದು.

“ಅದ್ಯಾರು ಸಾಮಿ ಇಟ್ಟಿದ್ದು?” ಅಂದೆ.

ನಿನ್ನ ಜಾಗಕ್ಕೆ ಬಂದಿರುವ ಹೊಸ ಅಟೆಂಡರು ಚಿಕ್ಕಮುನಿಯಪ್ಪ ಬಾಗಿಲಲ್ಲಿ ನಿಂತಿದ್ದ. “ಮುನಿರಾಜಪ್ಪಣ್ಣ ಇಟ್ಟಿದ್ದಮ್ಮ. ವರ್ಷಾವರ್ಷಾ ಆಯುಧಪೂಜೆಲಿ ಅವ್ರೇ ಇಡ್ತಿದ್ರಂತೆ. ಮಿಲಿಟರಿಗೆ ಹೋಗೋವಾಗ ನನ್ನ ಕರೆಸಿ, ಶೀಶೆ ತೊಳಿ, ಬೊಟ್ಟು ಮಾತ್ರ ಅಳಿಸಬೇಡ ಅಂತ ಹೇಳಿ ಹೋದ್ರು” ಎಂದ.

ಮುನಿರಾಜಾ! ನೀನು ತಕ್ಕಡಿಗೆ ಇಟ್ಟರೆ ಭಕ್ತಿ, ನಾನು ದೊರೆಸಾನಿಗೆ ಇಟ್ಟರೆ ಕಲೆಯೇನೋ? ಲೋಕದಲ್ಲಿ ನಾನೊಬ್ಬಳೇ ಎಂದು ಬರೆದೆಯಲ್ಲಾ, ಬರೆಯುವಾಗ ನಿನಗೆ ಈ ತಕ್ಕಡಿ ನೆನಪಾಗಲಿಲ್ಲವೇ? ನೀನು ಆಗ ಅಲ್ಲಿ ಸಿಕ್ಕಿದ್ದರೆ ಹೆಡ್‌ಮಾಸ್ತರ ಎದುರಿಗೇ ನಿನ್ನ ಕಿವಿ ಹಿಂಡುತ್ತಿದ್ದೆ.

ಹೆಡ್‌ಮಾಸ್ತರಿಗೆ ಹೇಳಿದೆ, “ನಿಮ್ಮ ತಕ್ಕಡಿ ಕೆಟ್ಟಿಲ್ಲ ಅಂದ್ರೆ ನಮ್ಮ ಚೀಟಿನೂ ಕೆಟ್ಟಿಲ್ಲ ಸಾಮಿ.” ಅವರು ಬೀರುವಿನ ಕಡೆ ಒಮ್ಮೆ ನೋಡಿ, “ಆಗಲಿ, ಇಟ್ಟು ಹೋಗಿ, ಫ್ರೇಮ್ ಹಾಕಿಸೋಣ” ಎಂದರು. “ಹೆಸರು?” ಅಂದೆ. “ಹಳೆಯ ಅಟೆಂಡರೊಬ್ಬರ ಕೊಡುಗೆ ಅಂತ ಬರೆಸ್ತೀನಿ. ಹೆಸರು ಹಾಕೋ ಪದ್ಧತಿ ಇಲ್ಲಮ್ಮ. ಅವತ್ತು ಅದೇನೋ ತಮಾಷೆಗೆ ಅಂದಿದ್ದು” ಎಂದರು.

ತಮಾಷೆ. ಆ ಮಾತು ನಿನಗೆ ಹೇಗೆ ಬರೆಯಲಿ ಎಂದು ಮೂರು ತಿಂಗಳು ನುಂಗಿಕೊಂಡು ಕೂತಿದ್ದೆ. ಇನ್ನು ನುಂಗಲಾರೆ.

ಆಲ್ಬಂ ಮತ್ತೆ ಬಟ್ಟೆಯಲ್ಲಿ ಸುತ್ತಿದೆ. ಅಪ್ಪ ಬಗ್ಗಿ ಬಗ್ಗಿ ಆರಿಸಿದ್ದನ್ನು ಹೆಸರಿಲ್ಲದ ಗೋಡೆಗೆ ಕೊಟ್ಟು ಬರಲು ನನ್ನಿಂದಾಗಲಿಲ್ಲ. ಎತ್ತಿಕೊಂಡು ಬಂದುಬಿಟ್ಟೆ. ಬೇಡವಾಗಿತ್ತೇನೋ, ನಿನ್ನನ್ನು ಕೇಳಬೇಕಿತ್ತೇನೋ. ಸಿಟ್ಟಿನಲ್ಲಿ ನಾನು ಯಾರನ್ನು ಕೇಳಿದ್ದೇನೆ?

ಈಗ ಅವರೆಲ್ಲ ನನ್ನ ಶೆಡ್ಡಿನಲ್ಲಿದ್ದಾರೆ. ಗೋದಾಮಿನ ಬಡಗಿ ಕಿಟಕಿಯ ಚೌಕಟ್ಟಿಗೆ ಗಾಜು ಹಾಕಿ ಐವತ್ತನ್ನೂ ಜೋಡಿಸಿಕೊಟ್ಟ. ಮಳೆ ಬೀಳದ ಗೋಡೆಗೆ ಹಾಕಿದ್ದೇನೆ, ತಗಡಿಗೆ ತೇಪೆ ಹಾಕಿಸಿದ್ದೇನೆ. ಆಬಿದಾಳಿಗೆ ಕೊಟ್ಟ ಮಾತೂ ಉಳಿಯಿತು, ನಾಲ್ಕಲ್ಲ, ದಿನಕ್ಕೆ ಇನ್ನೂರು ಜನ ನೋಡುತ್ತಾರೆ. ಲಾರಿಗಳಿಗೆ ನಂಬರು ಬರೆಯುವ ಪೇಂಟರ್ ಕಲೀಮುಲ್ಲಾ ಕೆಳಗೆ ಹಲಗೆಯೊಂದನ್ನು ಖಾಲಿ ಬಿಟ್ಟಿದ್ದಾನೆ. ಏನು ಬರೆಯಬೇಕು, ನೀನೇ ಬರೆದು ಕಳುಹಿಸು. ಬದುಕಿದ್ದರೆ.

ಅಕ್ಕ


ಹೊರದೇಶದ ಸೇನಾ ಅಂಚೆ
2 ಜುಲೈ 1945

ಅಕ್ಕಾ,

ಬದುಕಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಮೊದಲು ಅದನ್ನು ಬರೆ.

ಎರಡು ತಿಂಗಳು ನಿಜವಾಗಿ ಕೋಪವಿತ್ತು. ಆಮೇಲಿನದು ನಾಚಿಕೆ. ಹೋದ ಆಯುಧಪೂಜೆಯ ದಿನ ಇಲ್ಲಿ ನಾವು ಮೈಸೂರು ಕಡೆಯ ನಾಲ್ಕು ಜನ ಸೇರಿ ಕ್ಯಾಪ್ಟನ್ ಸಾಹೇಬರ ಮೈಕ್ರೋಸ್ಕೋಪಿಗೆ ಕುಂಕುಮ ಇಟ್ಟೆವು. ಇಟ್ಟವನು ನಾನೇ. ಸಾಹೇಬರು ಕೂಗಾಡಿದರು. “ವರ್ಷವಿಡೀ ನಮಗೆ ಅನ್ನ ಹಾಕುವ ವಸ್ತು ಸಾರ್, ಒಂದು ದಿನ ನಾವು ಮರ್ಯಾದೆ ಮಾಡಬೇಕು” ಎಂದು ನಾನೇ ಅವರಿಗೆ ತಿಳಿಸಿ ಹೇಳಿದೆ. ಅದಾಗಿ ಆರೇ ವಾರಕ್ಕೆ ನಿನಗೆ ಆ ಕಾಗದ ಬರೆದೆ. ತಕ್ಕಡಿಯೂ ನೆನಪಾಗಲಿಲ್ಲ, ಮೈಕ್ರೋಸ್ಕೋಪೂ ನೆನಪಾಗಲಿಲ್ಲ. ನೆನಪಾದ ಮೇಲೆ ನಿನಗೆ ಏನೆಂದು ಬರೆಯಲಿ? ಕಿವಿ ಹಿಂಡಲು ನಿನಗೆ ಪೂರ್ತಿ ಹಕ್ಕಿದೆ.

ಇನ್ನೊಂದು. ಹೆಡ್‌ಮಾಸ್ತರ ಮಾತು ತಮಾಷೆ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅವತ್ತು ಅವರು ಅಂದ ಕೂಡಲೇ ಮಾಸ್ತರುಗಳೆಲ್ಲ ನಕ್ಕರು, ನಾನೂ ಅವರ ಜೊತೆ ನಕ್ಕೆ. ನಿನಗೆ ಆ ನಗುವನ್ನು ಬಿಟ್ಟು ಮಾತನ್ನು ಮಾತ್ರ ಹೇಳಿದೆ. ಐವತ್ತೂ ಸೇರಿಸಿ, ಒಂದು ಕಲೆಯಿಲ್ಲದೆ ಅವರ ಮೇಜಿನ ಮೇಲಿಟ್ಟರೆ ಆ ನಗು ನಿಲ್ಲುತ್ತದೆ ಎಂದುಕೊಂಡಿದ್ದೆ. ಅದನ್ನು ನೀನು ನನಗಿಂತ ಚೆನ್ನಾಗಿ ನಿಲ್ಲಿಸಿ ಬಂದಿದ್ದೀಯ. ಎತ್ತಿಕೊಂಡು ಬಂದದ್ದು ಸರಿ.

ಕಾರ್ಡುಗಳು ಶೆಡ್ಡಿನಲ್ಲೇ ಇರಲಿ. ದೊರೆಸಾನಿಗೆ ಶೆಡ್ಡು ಹೊಸದಲ್ಲ. ಕುಂಕುಮ ಅಳಿಸಬೇಡ.

ಹಲಗೆಯ ಮೇಲೆ ಅಪ್ಪನ ಹೆಸರು ಮೊದಲು, ಹೀಗೆ ಬರೆಸು. ದೊಡ್ಡಮುನಿಯಪ್ಪ, ಗುಡಿಸಿ ತಂದವನು. ಮುನಿಲಕ್ಷ್ಮಮ್ಮ, ಮೂವತ್ತೆಂಟನ್ನು ತಂದವಳು. ಜಾಗ ಉಳಿದರೆ ಕೊನೆಗೆ ನನ್ನ ಹೆಸರು. ಉಳಿಯದಿದ್ದರೆ ಬೇಡ.

ಮುನಿರಾಜ


ಹಲಸೂರು
19 ಆಗಸ್ಟ್ 1945

ಮುನಿರಾಜಾ,

ನಿನ್ನ ಕಾಗದ ಹಿಡಿದುಕೊಂಡು ಅತ್ತೆ. ಅತ್ತದ್ದು ಮುಗಿಯಿತು, ಈಗ ಬಯ್ಯುತ್ತೇನೆ. ನಗುವನ್ನು ಬಚ್ಚಿಟ್ಟು ನನ್ನನ್ನು ಊರೆಲ್ಲ ಸುತ್ತಿಸಿದೆಯಲ್ಲೋ! ಗೊತ್ತಿದ್ದರೆ ಅವರ ಮೇಜಿನ ಮುಂದೆ ಇನ್ನೂ ನಾಲ್ಕು ಮಾತು ಆಡಿ ಬರುತ್ತಿದ್ದೆ.

ನಿನ್ನ ಉತ್ತರಕ್ಕೆ ಎಷ್ಟು ದಿನ ಕಾಯಲಿ? ಕಲೀಮುಲ್ಲಾನ ಡಬ್ಬದಲ್ಲಿ ಮಿಲಿಟರಿಯ ಬಿಳೀ ಬಣ್ಣ ಒಣಗುತ್ತಿತ್ತು. ಜೂನ್ ತಿಂಗಳಲ್ಲೇ ಬರೆಸಿಬಿಟ್ಟೆ. ನಿನ್ನ ಹೆಸರೊಂದೇ, ಲಾರಿ ನಂಬರಿನಷ್ಟು ದಪ್ಪಕ್ಕೆ, ಹಲಗೆ ತುಂಬ. ಅಪ್ಪನಿಗೆ ಜಾಗವಿಲ್ಲ, ನನಗೂ ಇಲ್ಲ. ಸೇರಿಸಬೇಕು ಎನಿಸಿದರೆ ಬಂದು ನೀನೇ ಇನ್ನೊಂದು ಹಲಗೆ ಹೊಡೆ.

ಯುದ್ಧ ಮುಗಿಯಿತು ಎಂದು ಬುಧವಾರ ದಂಡಿನಲ್ಲಿ ಬ್ಯಾಂಡು ಬಾರಿಸಿದರು. ನಿನ್ನನ್ನು ಯಾವಾಗ ಬಿಡುತ್ತಾರೆ? ಕ್ಯಾಪ್ಟನ್ನಿಗೆ ಕೇಳು. ಶೀಶೆ ತೊಳೆಯಲು ಅವರಿಗೆ ಬೇರೆ ಯಾರೂ ಸಿಗುವುದಿಲ್ಲವೇ?

ಮೊಣಕಾಲು ಮತ್ತೆ ಊದಿದೆ. ಕೇಳಿದೆಯಲ್ಲ, ಅಷ್ಟು ಸಾಕು.

ಕೃಷ್ಣರಾಜಪುರದ ಕಡೆಯಿಂದ ಹೊಸದಾಗಿ ಬಂದಿರುವ ಒಬ್ಬ ಕೂಲಿಯವನಿಗೆ ಓದಲು ಬರುತ್ತದೆ. ನೆನ್ನೆ ತಟ್ಟೆ ಹಿಡಿದು ಗೋಡೆಯ ಮುಂದೆ ನಿಂತು ಒಂದೊಂದೇ ಚಿತ್ರ ಎಣಿಸಿದ. ಆಮೇಲೆ ಹಲಗೆಯನ್ನು ಅಕ್ಷರ ಕೂಡಿಸಿ ಓದಿದ. “ಅಮ್ಮಾ, ಮಿಕ್ಕ ಐವತ್ತಕ್ಕೂ ಚಿತ್ರ ಐತೆ. ಈ ಐವತ್ತೊಂದನೆಯವರು ಮುನಿರಾಜಪ್ಪ, ಇವರದ್ದು ಎಲ್ಲಿ?” ಎಂದು ಕೇಳಿದ.

ನಾನು ಅವನನ್ನು ತಿದ್ದಲಿಲ್ಲ. “ಯುದ್ಧಕ್ಕೆ ಹೋಗವ್ನೆ ಕಣಪ್ಪಾ. ಬತ್ತಾನೆ. ಬಂದಾಗ ಮುಖ ನೋಡ್ಕೊಳ್ಳುವಂತೆ” ಅಂದೆ. ಅವನು ಆಗಲಿ ಎಂದು ಊಟಕ್ಕೆ ಕೂತ.

ಇನ್ನೂರು ಜನರ ಮುಂದೆ ಹೇಳಿದ್ದೇನೆ. ನನ್ನ ಮಾತು ಸುಳ್ಳು ಮಾಡಬೇಡ. ಬೇಗ ಬಾ.

ಅಕ್ಕ